ಯಾವ ವರ್ಷದ ಟ್ಯಾಂಕು?

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವಯಸ್ಸು ಮೂವತ್ತು. ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಕೋಡಿಂಗ್. ಈ ಊರಲ್ಲಿ ಅದೇನೂ ವಿಶೇಷವಲ್ಲ ಬಿಡಿ. ವಿಶೇಷ ಅಂತ ಏನಾದ್ರೂ ಇದ್ರೆ ಅದು ನನ್ನ ಹವ್ಯಾಸ. ಟ್ಯಾಂಕ್ ಕಟ್ತೀನಿ. ಮದುವೆಗೆ ಮುಂಚೆ ಈ ಮಾತು ಹೇಳಿದಾಗ ನನ್ನ ಹೆಂಡತಿಯ ಅಪ್ಪ ಅದನ್ನು ಮನೆ ಮೇಲಿನ ನೀರಿನ ಟ್ಯಾಂಕ್ ಅಂದುಕೊಂಡು, ‘ಸೈಡ್ ಬಿಸಿನೆಸ್ಸಾ? ಒಳ್ಳೇದೇ’ ಅಂದಿದ್ದರು. ಯುದ್ಧದ ಟ್ಯಾಂಕಿನ ಪುಟ್ಟ ಮಾದರಿ, ಪ್ಲಾಸ್ಟಿಕ್ಕಿಂದು, ಅಂಗೈಗಿಂತ ಸ್ವಲ್ಪ ದೊಡ್ಡದು ಅಂತ ತಿಳಿದ ಮೇಲೆ ಅವರ ಮುಖ ಸ್ವಲ್ಪ ಸಣ್ಣಗಾಯ್ತು.

ಈ ಮಾದರಿಗಳಿಗೆ 1:35 ಅನ್ನುವ ಅಳತೆ ಹೆಚ್ಚು ಬಳಕೆಯಲ್ಲಿದೆ. ನಿಜವಾದ ಟ್ಯಾಂಕಿನ 35 ಸೆಂಟಿಮೀಟರು ಇಲ್ಲಿ ಒಂದು ಸೆಂಟಿಮೀಟರು. ಯಾಕೆ 35? 30 ಅಥವಾ 40 ಅಂತ ಇಟ್ಟಿದ್ರೆ ಲೆಕ್ಕ ಸುಲಭ ಇರ್ತಿರಲಿಲ್ವೆ? ಇದರ ಹಿಂದೆ ಯಾವ ಗಣಿತವೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ ಒಳಗೆ ಮೋಟರು, ಬ್ಯಾಟರಿ ಕೂರುವಷ್ಟು ಜಾಗ ಬೇಕಿತ್ತು. ಆ ಡಬ್ಬಕ್ಕೆ ತಕ್ಕಂತೆ ಹೊರಗಿನ ಆಕಾರ ಮಾಡಿದ ಮೇಲೆ ಅಳೆದು ನೋಡಿದರೆ ಅದು ಸುಮಾರು 35ನೇ ಒಂದು ಭಾಗ ಬಂತು. ಇವತ್ತು ಜಗತ್ತಿನ ಅರ್ಧಕ್ಕರ್ಧ ಟ್ಯಾಂಕ್ ಮಾದರಿಗಳು ಆ ಬ್ಯಾಟರಿಯ ಅಳತೆಯಲ್ಲೇ ನಡೀತಿವೆ ಅಂದರೂ ನಡೆದೀತು. ನಮ್ಮ ಆಫೀಸಿನಲ್ಲೂ ಹೀಗೇ. ಯಾರೋ ಯಾವತ್ತೋ ಅವಸರದಲ್ಲಿ ಇಟ್ಟ ಒಂದು ಸಂಖ್ಯೆ ಇಪ್ಪತ್ತು ವರ್ಷ ಉಳ್ಕೊಂಡಿರುತ್ತೆ, ಕೇಳಿದ್ರೆ ‘ಅದು ಸ್ಟ್ಯಾಂಡರ್ಡ್’ ಅಂತಾರೆ.

ಇರ್ಲಿ. ನಾನು ಹೇಳಹೊರಟಿದ್ದು ಟಿ-55 ಅನ್ನೋ ಟ್ಯಾಂಕಿನ ವಿಷಯ. ಸೋವಿಯತ್ ಒಕ್ಕೂಟದವರದು. ಮೂವತ್ತಾರು ಟನ್ ತೂಕ, ಒಳಗೆ ನಾಲ್ಕು ಜನ, 580 ಅಶ್ವಶಕ್ತಿಯ ಡೀಸೆಲ್ ಎಂಜಿನ್, ಮುಂದೆ 100 ಮಿಲಿಮೀಟರಿನ ಫಿರಂಗಿ. ನಳಿಗೆಯ ಸಮೇತ ಸುಮಾರು ಒಂಬತ್ತು ಮೀಟರ್ ಉದ್ದ. ನನ್ನ ಮೇಜಿನ ಮೇಲೆ ಅದು ಇಪ್ಪತ್ತಾರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಸೇನೆಯಲ್ಲೂ ಇದು ಬಹಳ ವರ್ಷ ಓಡಿದೆ. ಅದರಲ್ಲಿ ಒಂದನ್ನು ಓಡಿಸಿದವರು ನಮ್ಮ ದೊಡ್ಡಮಾವ.

ದೊಡ್ಡಮಾವ ಅಂದರೆ ನಮ್ಮಮ್ಮನ ಹಿರಿಯಣ್ಣ. ಅಮ್ಮ ಕೊನೆಯವಳು, ಅವರು ಮೊದಲನೆಯವರು, ನಡುವೆ ಹದಿನೈದು ವರ್ಷ. ಹಾಸನದ ಕಡೆಯ ಹಳ್ಳಿಯಿಂದ ಹದಿನೆಂಟಕ್ಕೆ ಸೈನ್ಯಕ್ಕೆ ಸೇರಿ, ಅಹಮದ್‌ನಗರದಲ್ಲಿ ಟ್ಯಾಂಕಿನ ಡ್ರೈವಿಂಗ್ ಕಲಿತು, ಇಪ್ಪತ್ತೊಂದನೇ ವಯಸ್ಸಿಗೆ 1971ರ ಯುದ್ಧ ನೋಡಿದವರು. ‘ಎಂತಾ ನೋಡೋದು, ಡ್ರೈವರಿಗೆ ಏನೂ ಕಾಣಲ್ಲ’ ಅಂತಾರೆ ಅವರೇ. ಯಾವ ರೆಜಿಮೆಂಟು ಅಂತ ಬರೀಬೇಡ ಅಂದಿದ್ದಾರೆ, ಬರೆಯಲ್ಲ. ನಿವೃತ್ತರಾಗಿ ಊರಿಗೆ ಬಂದು ಕಾಫಿ, ಮೆಣಸು ನೋಡಿಕೊಂಡಿದ್ದರು. ಯುದ್ಧದ ಕತೆ ಹೇಳುವ ನಿವೃತ್ತ ಯೋಧರನ್ನು ನೀವು ಸಿನಿಮಾದಲ್ಲಿ ನೋಡಿರ್ತೀರಿ. ಇವರು ಹಾಗಲ್ಲ. ನಾವು ಚಿಕ್ಕವರಿದ್ದಾಗ ಎಷ್ಟು ಪೀಡಿಸಿದರೂ ಅಲ್ಲಿನ ಚಳಿ, ಅಲ್ಲಿನ ಕಬ್ಬಿನ ಗದ್ದೆ, ಅಲ್ಲಿನ ರೊಟ್ಟಿ, ಇಷ್ಟಕ್ಕೇ ಮಾತು ಮುಗಿಸೋರು.

ಐದಾರು ವರ್ಷದಿಂದ ಅವರಿಗೆ ಕಣ್ಣು ಹೋಗ್ತಾ ಬಂತು. ಗ್ಲಾಕೋಮಾ. ಅದು ಕಳ್ಳನ ಹಾಗೆ ಬರೋ ಕಾಯಿಲೆ. ನೋವಿಲ್ಲ, ಉರಿಯಿಲ್ಲ, ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದದ್ದನ್ನು ಉಳಿಸ್ಕೋಬಹುದು ಅಷ್ಟೇ. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಿಕೊಳ್ಳಿ ಅಂತ ವೈದ್ಯರು ಹೇಳೋದು ಇದಕ್ಕೇ. ಮಾವನಿಗೆ ಈಗ ಬೆಳಕು ಕತ್ತಲೆ ಗೊತ್ತಾಗುತ್ತೆ, ಎದುರಿಗೆ ಯಾರೋ ನಿಂತಿದ್ದಾರೆ ಅನ್ನೋದು ಗೊತ್ತಾಗುತ್ತೆ. ಯಾರು ಅನ್ನೋದು ದನಿಯಿಂದ.

ಹೋದ ವರ್ಷ ಅವರು ನಮ್ಮ ಮನೆಗೆ ಬಂದು ಎರಡು ತಿಂಗಳು ಇರೋದು ಅಂತಾಯ್ತು. ಬರುವ ಮುಂಚೆ ಒಂದು ಸಲ ಮಡಿಕೇರಿಗೆ ಕರ್ಕೊಂಡು ಹೋಗಿದ್ದೆ, ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ಗೆ. 2021ರಲ್ಲಿ ಅದು ವಸ್ತುಸಂಗ್ರಹಾಲಯ ಆಗಿದೆ, ಹೊರಗೆ ಟ್ಯಾಂಕ್ ನಿಲ್ಲಿಸಿದ್ದಾರೆ. ಮಾವ ಚಕ್ರದ ಮೇಲೆ ಕೈಯಿಟ್ಟರು. ಆಮೇಲೆ ಅದರ ಪಕ್ಕದ ಚಕ್ರ. ಕೈ ಮೇಲಕ್ಕೆ ಹೋಗಿ ಚೈನಿನ ಮೇಲಿನ ತಗಡಿನವರೆಗೂ ಮುಟ್ಟಿತು. ಅಲ್ಲಿಗೆ ಮುಗೀತು. ಮೇಲೆ ಹತ್ತೋ ವಯಸ್ಸಲ್ಲ, ಹತ್ತೋಕೆ ಬಿಡೋದೂ ಇಲ್ಲ. ಕಾರಿನಲ್ಲಿ ಬರುವಾಗ, ‘ಆನೆ ಮುಟ್ಟಿದ ಕುರುಡ ಅಂತ ಗಾದೆ ಇದ್ಯಲ್ಲೋ, ಇವತ್ತು ಅರ್ಥ ಆಯ್ತು. ನಂಗೆ ಕಾಲು ಸಿಕ್ತು’ ಅಂದು ನಕ್ಕರು.

ಅವತ್ತೇ ಅಂದುಕೊಂಡೆ. ಆನೇನ ಅಂಗೈಯೊಳಗೆ ಕೂರಿಸಬಹುದಲ್ಲ, ನನಗೆ ಬರೋ ಒಂದೇ ವಿದ್ಯೆ ಅದು ತಾನೇ.

ಟಮಿಯಾದವರ ಟಿ-55ಎ ಕಿಟ್ ತರಿಸಿದೆ. ಆದರೆ ‘55’ರ ಪಕ್ಕ ಇರೋ ಆ ‘ಎ’ ಇದೆಯಲ್ಲ, ಅದೇ ತಂಟೆ. ಅದು ಸ್ವಲ್ಪ ನಂತರದ ಮಾದರಿ. ಅಣುವಿಕಿರಣದಿಂದ ಸಿಬ್ಬಂದಿಯನ್ನು ಕಾಪಾಡೋಕೆ ಒಳಗೊಂದು ಪದರ ಸೇರಿಸಿದ್ದರಿಂದ ಮೇಲಿನ ಮುಚ್ಚಳಗಳ ಸುತ್ತ ಎತ್ತರದ ಕಟ್ಟೆಯಂಥದ್ದು ಬಂದಿರುತ್ತೆ. ಮಾವ ಹೇಳುವ ಪ್ರಕಾರ ಅವರು ಓಡಿಸಿದ್ದರಲ್ಲಿ ಅಂಥ ಕಟ್ಟೆ ಇರಲಿಲ್ಲ. ಕಣ್ಣಿರುವವನಿಗೆ ಇದು ದೊಡ್ಡದಲ್ಲ. ಬೆರಳಲ್ಲಿ ನೋಡುವವನಿಗೆ ಇದೇ ಮೊದಲು ಸಿಗೋದು. ಆಗ ಬೇಕಾಗೋದು ಕನ್ವರ್ಷನ್ ಕಿಟ್.

ಕನ್ವರ್ಷನ್ ಕಿಟ್ ಅಂದ್ರೆ ಏನು ಅಂತ ಅಮ್ಮನಿಗೆ ನಾನು ಹೀಗೆ ವಿವರಿಸಿದೆ: ಅಕ್ಕನ ಲಂಗವನ್ನು ತಂಗಿಗೆ ಅಳತೆ ಮಾಡಿಸಿ, ಅಂಚು ಬದಲಿಸಿ, ಬೇರೆ ರವಿಕೆ ಹಾಕೋದು. ಮೂಲ ಬಟ್ಟೆ ಅದೇ. ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಡಬ್ಬ ಮಾರಬೇಕು, ಉಕ್ಕಿನ ಅಚ್ಚಿಗೆ ಹಾಕಿದ ದುಡ್ಡು ಬರಬೇಕು, ಹಾಗಾಗಿ ಎಲ್ಲರಿಗೂ ಗೊತ್ತಿರುವ ರೂಪವನ್ನಷ್ಟೇ ಮಾಡ್ತಾರೆ. ಯಾವುದೋ ದೇಶದ, ಯಾವುದೋ ವರ್ಷದ ಟ್ಯಾಂಕು ಬೇಕು ಅನ್ನೋ ನಮ್ಮಂಥ ನೂರಿನ್ನೂರು ಜನಕ್ಕೆ ಸಣ್ಣ ಸಣ್ಣ ತಯಾರಕರಿದ್ದಾರೆ. ಮನೆಯ ಗ್ಯಾರೇಜಿನಲ್ಲಿ ಸಿಲಿಕೋನ್ ರಬ್ಬರಿನ ಅಚ್ಚು ಮಾಡಿ, ಎರಡು ದ್ರವ ಬೆರೆಸಿ ಸುರಿದು, ರೆಸಿನ್ ಭಾಗಗಳನ್ನು ಎರಕ ಹೊಯ್ದು ಕಳಿಸ್ತಾರೆ. ರಬ್ಬರಿನ ಅಚ್ಚು ಕೆಲವೇ ಡಜನ್ ಎರಕಕ್ಕೆ ಸವೆದುಹೋಗುತ್ತೆ, ಆದ್ದರಿಂದ ಬೆಲೆ ಜಾಸ್ತಿ. ನನ್ನ ಕನ್ವರ್ಷನ್ ಸೆಟ್ಟಿನ ಬೆಲೆ, ಅಂಚೆ ಮತ್ತು ಕಸ್ಟಮ್ಸ್ ಸೇರಿ, ಮೂಲ ಕಿಟ್ಟಿಗಿಂತ ಹೆಚ್ಚಾಯ್ತು. ಅಂಚು ಲಂಗಕ್ಕಿಂತ ದುಬಾರಿ. ಎಷ್ಟು ಅಂತ ಇಲ್ಲಿ ಬರೆಯಲ್ಲ, ಈ ಅಂಕಣವನ್ನು ನಮ್ಮ ಮನೆಯಲ್ಲೂ ಓದ್ತಾರೆ.

ಬಂದದ್ದು ಒಂದು ಜಿಪ್ ಕವರು. ಒಳಗೆ ಬೂದು ಬಣ್ಣದ ಹತ್ತು ಹನ್ನೆರಡು ತುಂಡು: ಮೇಲಿನ ತಿರುಗುವ ಟರೆಟ್, ಫಿರಂಗಿಯ ಬುಡಕ್ಕೆ ಹೊದಿಸುವ ಕ್ಯಾನ್ವಾಸಿನ ಮುಸುಕು, ಕೆಲವು ಪೆಟ್ಟಿಗೆಗಳು, ಒಂದು ಉದ್ದದ ನಳಿಗೆ. ಸೂಚನೆಗಳ ಕಾಗದ ಅರ್ಧ ಪುಟ, ಅದರಲ್ಲೂ ಮಸುಕಾದ ಎರಡು ಫೋಟೋ.

ಪ್ಲಾಸ್ಟಿಕ್ ಮತ್ತು ರೆಸಿನ್ ಎರಡೂ ನೋಡೋಕೆ ಒಂದೇ ಥರ, ಸ್ವಭಾವ ಬೇರೆ. ಕಿಟ್ಟಿನ ಪ್ಲಾಸ್ಟಿಕ್ಕು ಪಾಲಿಸ್ಟೈರೀನ್. ಅದರ ಅಂಟು ನಿಜವಾದ ಅಂಟಲ್ಲ, ದ್ರಾವಕ. ಎರಡು ಅಂಚುಗಳನ್ನು ಕರಗಿಸಿ ಒಂದು ಮಾಡುತ್ತೆ. ರೆಸಿನ್ ಅದಕ್ಕೆ ಜಗ್ಗಲ್ಲ. ಎಷ್ಟು ಸುರಿದರೂ ಎಣ್ಣೆ ಸವರಿದ ಹಾಗೆ ಕೂತಿರುತ್ತೆ. ಅದಕ್ಕೆ ಫೆವಿಕ್ವಿಕ್ ಥರದ್ದೋ ಎಪಾಕ್ಸಿಯೋ ಬೇಕು. ಫೆವಿಕ್ವಿಕ್ಕಿನ ಗುಣ ನಿಮಗೆ ಗೊತ್ತೇ ಇದೆ, ಸರಿಯಾಗಿ ಕೂತಿದೆಯಾ ಅಂತ ಎರಡನೇ ಸಲ ನೋಡೋಕೆ ಬಿಡಲ್ಲ. ಅದಕ್ಕೂ ಮೊದಲು ಎಲ್ಲ ತುಂಡನ್ನೂ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹಳೇ ಬ್ರಷ್ಷಿನಿಂದ ತೊಳೀಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಹಾಕಿದ ಜಿಡ್ಡು ಮೈಮೇಲೆ ಉಳಿದಿರುತ್ತೆ, ಅದು ಹೋಗದಿದ್ರೆ ಬಣ್ಣ ಹಿಡಿಯಲ್ಲ, ಅಂಟೂ ನಿಲ್ಲಲ್ಲ.

ಆಮೇಲೆ ಗರಗಸ. ಎರಕ ಸುರಿದ ಕಡೆ ಪ್ರತಿ ತುಂಡಿಗೂ ಒಂದು ದಪ್ಪ ಗಟ್ಟಿ ಉಳಿದಿರುತ್ತೆ, ಬೆಲ್ಲದಚ್ಚಿನ ತಳದಲ್ಲಿ ಉಳಿದ ಗಸಿ ಇದ್ದಂತೆ. ಅದನ್ನು ಕೂದಲೆಳೆಯ ಗರಗಸದಿಂದ ಕೊಯ್ದು, ಉಜ್ಜಿ ಸಮ ಮಾಡಬೇಕು. ಇಲ್ಲೊಂದು ಮಾತು, ಮಕ್ಕಳಿರುವ ಮನೆಯವರು ಗಮನಿಸಿ: ರೆಸಿನ್ ಪುಡಿ ಶ್ವಾಸಕ್ಕೆ ಕೆಟ್ಟದ್ದು. ಒಣಗಿದ್ದನ್ನು ಉಜ್ಜಲೇಬಾರದು. ನೀರಲ್ಲಿ ಅದ್ದಿ ಅದ್ದಿ, ಒದ್ದೆ ಉಪ್ಪುಕಾಗದದಲ್ಲಿ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಬೇಕು. ನಾನು ಈ ಕೆಲಸವನ್ನು ಹಿಂದಿನ ಯುಟಿಲಿಟಿಯಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಕೂತು ಮಾಡ್ತೀನಿ. ಕೊರೊನಾ ಕಾಲದ ಮಾಸ್ಕುಗಳು ಈಗ ಉಪಯೋಗಕ್ಕೆ ಬರ್ತಿವೆ.

ನಳಿಗೆ ಬಾಗಿತ್ತು. ರೆಸಿನ್ನಿನ ಉದ್ದದ ತುಂಡುಗಳೆಲ್ಲ ದಾರಿಯಲ್ಲಿ ಹಲಸಂದೆ ಕಾಯಿಯ ಥರ ಬಾಗ್ತವೆ. ಬಿಸಿನೀರಲ್ಲಿ ಒಂದು ನಿಮಿಷ ಮುಳುಗಿಸಿದರೆ ಮೆತ್ತಗಾಗುತ್ತೆ, ಆಗ ಗಾಜಿನ ಮೇಲೆ ಉರುಳಿಸಿ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತೆ. ಅಮ್ಮನ ಕಾಫಿ ಪಾತ್ರೆಯಲ್ಲಲ್ಲ, ಅದಕ್ಕೆ ಬೇರೆ ಪಾತ್ರೆ ಇಟ್ಕೊಂಡಿದ್ದೀನಿ. ಅಲ್ಲಲ್ಲಿ ಗಾಳಿಗುಳ್ಳೆಯ ತೂತುಗಳು, ಸಾಸಿವೆಗಿಂತ ಸಣ್ಣವು, ಅವಕ್ಕೆ ಎಂ-ಸೀಲ್. ಕೊಳಾಯಿ ಸೋರೋದನ್ನು ನಿಲ್ಲಿಸೋ ಎಂ-ಸೀಲೇ. ವಿದೇಶಿ ಪುಟ್ಟಿಗಳನ್ನು ನೂರಾರು ರೂಪಾಯಿ ಕೊಟ್ಟು ತರಿಸಿ ನೋಡಿದ್ದೀನಿ, ನನಗೇನೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಇಷ್ಟೆಲ್ಲ ಪಾಡುಪಟ್ಟು ರೆಸಿನ್ ಯಾಕೆ ಅಂದ್ರೆ, ಉಕ್ಕಿನ ಅಚ್ಚಿನಲ್ಲಿ ಬಾರದ ಸೂಕ್ಷ್ಮ ರಬ್ಬರಿನ ಅಚ್ಚಿನಲ್ಲಿ ಬರುತ್ತೆ. ಉಕ್ಕು ಬಗ್ಗಲ್ಲ, ರಬ್ಬರು ಬಗ್ಗುತ್ತೆ. ಹಾಗಾಗಿ ಒಳಗೆ ಮಡಚಿಕೊಂಡ ಆಕಾರವನ್ನೂ ಹರಿಯದೆ ಹೊರಗೆ ತೆಗೀಬಹುದು. ಆ ಕ್ಯಾನ್ವಾಸಿನ ಮುಸುಕಿನಲ್ಲಿ ಬಟ್ಟೆಯ ನೆರಿಗೆ, ಕಟ್ಟಿದ ಕಡೆಯ ಸುಕ್ಕು ಎಲ್ಲ ಇತ್ತು. ಎರಕದ ಟರೆಟ್ಟಿನ ಮೈ ಕೂಡ ಕಬ್ಬಿಣದ ಎರಕದ ಹಾಗೇ ತರಿತರಿ. ಮಾವನ ಕೈಗೆ ಬರಿಯ ಟರೆಟ್ ಮತ್ತು ಮುಸುಕು ಎರಡನ್ನೇ ಕೊಟ್ಟೆ, ಏನೂ ಹೇಳದೆ. ಬೆರಳು ಸುತ್ತ ಹೋಯ್ತು. ಮೇಲೆ ಎರಡು ಮುಚ್ಚಳ ಹುಡುಕಿತು. ಬಲಗಡೆ ಮುಚ್ಚಳದ ಮುಂದೆ ಸ್ವಲ್ಪ ಹೊತ್ತು ನಿಂತಿತು.

‘ಅಣಬೆ ಇಲ್ಲ. ಹಂಗಾರೆ ಇದು ಐವತ್ತೈದು’ ಅಂದರು.

ಸರಿಯಾಗಿಯೇ ಹೇಳಿದ್ದರು. ಇದಕ್ಕೂ ಹಿಂದಿನ ಟಿ-54ರಲ್ಲಿ ಆ ಜಾಗದಲ್ಲಿ ಗಾಳಿಯಾಡೋಕೆ ಅಣಬೆಯಂಥ ಒಂದು ಗುಬುಟು ಇರುತ್ತೆ, 55ರಲ್ಲಿ ಅದನ್ನು ತೆಗೆದರು. ನಾನು ಇದನ್ನು ಪುಸ್ತಕದಲ್ಲಿ ಓದಿ ತಿಳಿದವನು. ಆಮೇಲೆ ಚಕ್ರಗಳನ್ನು ಜೋಡಿಸಿದ ಕೆಳಭಾಗ ಕೊಟ್ಟೆ. ಐದು ಚಕ್ರ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮಾತ್ರ ಅಗಲವಾದ ಸಂದು. ಅದು ಈ ವಂಶದ ಗುರುತು. ಆ ಸಂದಿನಲ್ಲಿ ಹೆಬ್ಬೆರಳು ಇಟ್ಟು, ‘ಮಡಿಕೇರೀಲೂ ಇದನ್ನೇ ನೋಡಿದ್ದು ನಾನು’ ಅಂದರು. ನಾನು ಅವತ್ತು ಅವರು ಸುಮ್ಮನೆ ಪಕ್ಕದ ಚಕ್ರ ಮುಟ್ಟಿದರು ಅಂದುಕೊಂಡಿದ್ದೆ.

ಇನ್ನು ನಳಿಗೆ. ಅಸಲು ವಿಷಯ ಶುರುವಾಗೋದೇ ಇಲ್ಲಿಂದ.

ಕನ್ವರ್ಷನ್ ಸೆಟ್ಟಿನಲ್ಲಿ ಬಂದದ್ದು 105 ಮಿಲಿಮೀಟರಿನ ಫಿರಂಗಿ. ಬ್ರಿಟಿಷರ ಎಲ್7 ಅನ್ನೋ ಪ್ರಸಿದ್ಧ ಫಿರಂಗಿ ಅದು. ನಮ್ಮ ಸೇನೆ 1971ರ ನಂತರದ ವರ್ಷಗಳಲ್ಲಿ ಟಿ-55ಗಳ ಮೂಲ 100 ಮಿಲಿಮೀಟರ್ ಫಿರಂಗಿ ತೆಗೆದು ಇದನ್ನು ಕೂರಿಸಿತು. ಅಂದರೆ ಸೇನೆಯವರೇ ಒಂದು ಕನ್ವರ್ಷನ್ ಮಾಡಿದ್ದರು. 100ಕ್ಕೂ 105ಕ್ಕೂ ಐದು ಮಿಲಿಮೀಟರ್ ವ್ಯತ್ಯಾಸ. 1:35ರಲ್ಲಿ ಅದು 0.14 ಮಿಲಿಮೀಟರ್. ಉಗುರಿಗೂ ಸಿಗಲ್ಲ. ಆದರೆ ಎರಡನ್ನೂ ನೂರು ಮೀಟರ್ ದೂರದಿಂದ ಗುರುತಿಸಬಹುದು, ಒಂದು ಉಬ್ಬಿನಿಂದ. ಗುಂಡು ಹಾರಿದ ಮೇಲೆ ನಳಿಗೆಯಲ್ಲಿ ವಿಷದ ಹೊಗೆ ಉಳಿಯುತ್ತೆ. ಹಿಂದಿನ ಬಾಗಿಲು ತೆಗೆದ ಕೂಡಲೇ ಅದು ಒಳಗೆ ನುಗ್ಗಿದರೆ ಸಿಬ್ಬಂದಿ ಉಸಿರು ಕಟ್ಟಬೇಕು. ಅದಕ್ಕೆ ನಳಿಗೆಯ ಸುತ್ತ ಒಂದು ಕೊಳವೆ ಹಾಕಿರ್ತಾರೆ. ಗುಂಡು ಹೋಗುವಾಗ ಒಂದಿಷ್ಟು ಅನಿಲವನ್ನು ಒತ್ತಿ ತುಂಬಿಕೊಂಡು, ಗುಂಡು ಹೊರಬಿದ್ದ ಮೇಲೆ ಅದು ಮುಂದಕ್ಕೆ ಚಿಮ್ಮಿ, ಉಳಿದ ಹೊಗೆಯನ್ನೂ ಎಳ್ಕೊಂಡು ಹೋಗುತ್ತೆ. ಚಂದದ ಉಪಾಯ. ಟಿ-55ರ ಮೂಲ ಫಿರಂಗಿಯಲ್ಲಿ ಈ ಉಬ್ಬು ಬಾಯಿಯ ತುದಿಯಲ್ಲಿರುತ್ತೆ. ಎಲ್7ರಲ್ಲಿ ನಳಿಗೆಯ ನಡುವಿನ ಹತ್ತಿರ.

ಮಾವ ರೆಸಿನ್ ನಳಿಗೆ ಸವರಿ ನೋಡಿದರು. ‘ಇದು ಆಮೇಲೆ ಬಂದದ್ದು. ಕೊನೇ ವರ್ಷಗಳಲ್ಲಿ ನಾನು ಹುಡುಗರಿಗೆ ಕಲಿಸ್ತಿದ್ದೆನಲ್ಲ, ಆಗ ಇದು. ನೀನು ಮಾಡ್ತಿರೋದು ಯಾವ ವರ್ಷದ ಟ್ಯಾಂಕು?’

ಮಾದರಿ ಕಟ್ಟುವವರಿಗೆ ಇದು ಸಹಜ ಪ್ರಶ್ನೆ. ಮಾದರಿಗೆ ಒಂದು ದಿನಾಂಕ ಇರಲೇಬೇಕು. ಮನುಷ್ಯ ಇಪ್ಪತ್ತೆರಡು ವರ್ಷ ಒಂದೇ ಟ್ಯಾಂಕಿನ ಜೊತೆ ಬಾಳಬಹುದು, ಆ ಇಪ್ಪತ್ತೆರಡು ವರ್ಷದಲ್ಲಿ ಟ್ಯಾಂಕಿನ ಮೂತಿ, ಪೆಟ್ಟಿಗೆ, ಬಣ್ಣ ಎಲ್ಲ ಬದಲಾಗಬಹುದು. ಪ್ಲಾಸ್ಟಿಕ್ಕಿಗೆ ಒಂದೇ ದಿನ. ನಾನು ‘ನೀವೇ ಹೇಳಿ’ ಅಂದೆ.

ತುಂಬ ಹೊತ್ತು ಮಾತಾಡಲಿಲ್ಲ. ಕಿಟ್ಟಿನಲ್ಲಿದ್ದ ಪ್ಲಾಸ್ಟಿಕ್ ನಳಿಗೆ, ಅದೇ 100 ಮಿಲಿಮೀಟರಿನದು, ಕೇಳಿದರು. ಕೊಟ್ಟೆ. ತುದಿಯ ಉಬ್ಬು ಮುಟ್ಟಿದರು. ಆಮೇಲೆ ಬೆರಳನ್ನು ನಿಧಾನಕ್ಕೆ ಹಿಂದಕ್ಕೆ ತಂದು ನಡುವಿನಲ್ಲಿ ನಿಲ್ಲಿಸಿ, ‘ಇಲ್ಲಿ ಉಂಗುರ ಎಲ್ಲಿ?’ ಅಂದರು.

ಈ ಉಂಗುರದ ಬಗ್ಗೆ ನಾನು ಓದಿದ್ದೆ, ಆದರೆ ಅವರ ಬಾಯಲ್ಲಿ ಕೇಳ್ತೀನಿ ಅಂದುಕೊಂಡಿರಲಿಲ್ಲ. 1971ರಲ್ಲಿ ನಮ್ಮ ಕಡೆ ಟಿ-55. ಆ ಕಡೆ ಪಾಕಿಸ್ತಾನದ ಬಳಿ ಚೀನಾದ ಟೈಪ್ 59. ಆ ಟೈಪ್ 59 ಬೇರೆ ಯಾವುದೂ ಅಲ್ಲ, ಟಿ-54ರ ನಕಲು. ಲೋಂಗೆವಾಲಾದಲ್ಲಿ ಮರಳಲ್ಲಿ ಸಿಕ್ಕಿಬಿದ್ದದ್ದು ಅವೇ. ಅಂದರೆ ಎರಡೂ ದೇಶ ಒಂದೇ ತಾಯಿಯ ಮಕ್ಕಳನ್ನು ತಂದು ಎದುರುಬದುರು ನಿಲ್ಲಿಸಿದ್ದವು. ಅದೇ ದುಂಡು ತಲೆ, ಅದೇ ಐದು ಚಕ್ರ, ಅದೇ ಸಂದು. ಧೂಳಿನಲ್ಲಿ, ಮಂಜಿನಲ್ಲಿ ಅಣಬೆ ಇದೆಯೋ ಇಲ್ಲವೋ ಯಾರು ನೋಡ್ತಾರೆ? ಹಾಗಾಗಿ ನಮ್ಮವರು ನಳಿಗೆಯ ನಡುವೆ ಒಂದು ಸುಳ್ಳು ಉಬ್ಬು ಹಾಕಿದರು. ಹೊಗೆ ತೆಗೆಯೋಕಲ್ಲ, ಒಳಗೆ ಏನೂ ಇಲ್ಲ. ‘ನಾವು ನಿಮ್ಮವರೇ’ ಅಂತ ಹೇಳೋಕಷ್ಟೇ. ತುದಿಯಲ್ಲಿ ನಿಜದ್ದು, ನಡುವೆ ಸುಳ್ಳಿನದು.

‘ನಮ್ದರಲ್ಲಿ ವರ್ಕ್‌ಷಾಪಿನೋರು ತಗಡು ಸುತ್ತಿ ಮಾಡಿದ್ರು. ನಾವೆಲ್ಲ ನಗಾಡಿದ್ವಿ, ಟ್ಯಾಂಕಿಗೆ ಕಾಲುಂಗುರ ತೊಡಿಸ್ತಾವ್ರೆ ಅಂತ’ ಅಂದರು ಮಾವ.

ಆಮೇಲೆ ಹೇಳಿದ್ದು ಇದು. ಅವರ ಮಾತನ್ನು ಸ್ವಲ್ಪ ಜೋಡಿಸಿ ಬರೀತಿದ್ದೀನಿ. ಡಿಸೆಂಬರಿನ ಒಂದು ಬೆಳಗ್ಗೆ. ಪಶ್ಚಿಮದ ಗಡಿ, ಮಂಜು. ಡ್ರೈವರ್ ಕೂರೋದು ಮುಂದೆ ಎಡಗಡೆ, ನೆಲದ ಮಟ್ಟಕ್ಕೆ. ಮುಚ್ಚಳ ಹಾಕಿದ ಮೇಲೆ ಕಿಟಕಿಯಂಥ ಎರಡು ಗಾಜಿನ ತುಂಡುಗಳಲ್ಲಿ ಮುಂದಿನ ಸ್ವಲ್ಪ ನೆಲ ಮಾತ್ರ ಕಾಣುತ್ತೆ. ಕೈಯಲ್ಲಿ ಸ್ಟೀರಿಂಗ್ ಇಲ್ಲ, ಎರಡು ಸನ್ನೆಕೋಲು. ಉಳಿದದ್ದೆಲ್ಲ ಕಿವಿಯಲ್ಲಿ. ಕಿವಿಯಲ್ಲಿ ಕೇಳಿಸಿತು: ಎದುರಿಗೆ ಒಂದು ಬಂಡಿ, ನೇರ ಈ ಕಡೆ ಮುಖ ಮಾಡಿ ನಿಂತಿದೆ. ಗುರಿಕಾರ ಗುರಿ ಹಿಡಿದ. ‘ಉಂಗುರ ಕಾಣ್ತಿಲ್ಲ’ ಅಂದ. ಒಂದು ಉದ್ದದ ನಳಿಗೆ ಸೀದಾ ನಿಮ್ಮ ಕಡೆಗೇ ತಿರುಗಿದ್ದರೆ ಅದರ ನಡುವಿನ ಉಬ್ಬು ಕಾಣೋದಾದ್ರೂ ಹೇಗೆ? ಕಮಾಂಡರ್ ‘ತಾಳು’ ಅಂದ. ಮಾವ ಕಾಲನ್ನು ಪೆಡಲಿನ ಮೇಲೆ ಅಲುಗಾಡದೆ ಇಟ್ಟುಕೊಂಡು ಕೂತಿದ್ದರು. ಆ ಬಂಡಿ ಇವರನ್ನು ನೋಡಿದ್ದರೆ, ಅದು ಅವರದ್ದಾಗಿದ್ದರೆ, ತಾಳಿದವನು ಸತ್ತ. ಎಷ್ಟು ಹೊತ್ತು ಅಂತ ಕೇಳಿದೆ. ‘ಒಂದು ಬೀಡಿ ಸೇದೋವಷ್ಟೂ ಇಲ್ಲ’ ಅಂದರು. ಆ ಬಂಡಿ ತಿರುಗಿತು. ಪಕ್ಕ ಕಂಡಿತು. ಉಂಗುರ ಇತ್ತು.

‘ಅದರೊಳಗೆ ನಾಕು ಜನ ಇದ್ರು. ಯಾರು ಅಂತ ನಂಗೊತ್ತಿಲ್ಲ. ನಾವು ಗುರಿ ಇಟ್ಟಿದ್ವಿ ಅಂತ ಅವ್ರಿಗೂ ಗೊತ್ತಿಲ್ಲ. ಗೊತ್ತಿಲ್ದೇನೇ ಮನೆಗೆ ಹೋಗಿರ್ತಾರೆ.’ ಸ್ವಲ್ಪ ಹೊತ್ತು ಬಿಟ್ಟು, ‘ಹೋಗಿದ್ರೆ’ ಅಂದರು.

ಅಡುಗೆಮನೆಯಲ್ಲಿ ಅಮ್ಮ ಕುಕ್ಕರಿನ ಉರಿ ಸಣ್ಣ ಮಾಡಿ ನಿಂತಿದ್ದಳು. ಆಕೆಗೂ ಇದು ಹೊಸತು. ಐವತ್ತು ವರ್ಷದಲ್ಲಿ ಅಣ್ಣನ ಬಾಯಲ್ಲಿ ಕೇಳಿರಲಿಲ್ಲ.

ಹಾಗಾಗಿ 1971. ಟರೆಟ್ಟು ಮತ್ತು ಮುಸುಕು ರೆಸಿನ್ ಸೆಟ್ಟಿನದು, ನಳಿಗೆ ಮೂಲ ಕಿಟ್ಟಿನ ಪ್ಲಾಸ್ಟಿಕ್ಕಿನದು, ಉಂಗುರ ನಾನೇ ಮಾಡಬೇಕಾದ್ದು. ರೆಸಿನ್ ನಳಿಗೆಯ ಉಬ್ಬನ್ನೇ ಕೊಯ್ದು ತೂರಿಸಬಹುದಿತ್ತು, ಆದರೆ ಅದು ನಿಜವಾದ ಉಬ್ಬು, ಕಾರ್ಖಾನೆಯ ನಯ ಅದರಲ್ಲಿದೆ. ಇದು ತಗಡು ಸುತ್ತಿದ್ದು. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಕತ್ತರಿಸಿ ಪಟ್ಟಿ ಮಾಡಿದೆ. ಅಳತೆ? ನನ್ನ ಬಳಿ ಇದ್ದ ಫೋಟೋಗಳಲ್ಲಿ ಒಂದರಲ್ಲೂ ನೇರ ಪಕ್ಕದ ನೋಟ ಇರಲಿಲ್ಲ. ಎಂಜಿನಿಯರಿಗೆ ಅಳತೆ ಇಲ್ಲದಿದ್ರೆ ಕೈಕಾಲೇ ಆಡಲ್ಲ. ಮಾವ ನಳಿಗೆಯನ್ನು ಕೈಯಲ್ಲಿ ಹಿಡಿದು, ಬುಡದ ಕ್ಯಾನ್ವಾಸಿನಿಂದ ಮುಂದಕ್ಕೂ ತುದಿಯಿಂದ ಹಿಂದಕ್ಕೂ ಬೆರಳು ಆಡಿಸಿ, ‘ಇಲ್ಲಿ. ಊಂಹೂ, ಇನ್ನೊಂದು ಜೋಳದ ಕಾಳಷ್ಟು ಹಿಂದೆ’ ಅಂತ ತೋರಿಸಿದರು. ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಆಮೇಲೆ ಅಳೆದು 35ರಿಂದ ಗುಣಿಸಿ ಎಷ್ಟಾಯ್ತು ಅಂತ ಬರೆದಿಟ್ಟುಕೊಂಡೆ, ಅಭ್ಯಾಸಬಲ. ಯಾವ ಪುಸ್ತಕದ ಜೊತೆಗೂ ತಾಳೆ ನೋಡೋಕೆ ಹೋಗಲಿಲ್ಲ.

ಪಟ್ಟಿ ಸುತ್ತಿ, ಅಂಚು ಒಂದರ ಮೇಲೊಂದು ಸ್ವಲ್ಪ ಕಾಣುವ ಹಾಗೇ ಬಿಟ್ಟು ಅಂಟಿಸಿದೆ. ನಯ ಮಾಡಲಿಲ್ಲ. ಬೆರಳಿಗೆ ಆ ಜೋಡಣೆ ಸಿಗಬೇಕು.

ಬಣ್ಣದ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದು ಬೇಗ ಮುಗೀತು. ‘ಯಾವ ಹಸಿರು ಮಾವ?’ ಅಂದೆ. ‘ಹಸಿರು ಎಲ್ಲಿತ್ತೋ, ಮಣ್ಣು’ ಅಂದರು. ಹಸಿರಿನ ಮೇಲೆ ಮಣ್ಣು ಬಳಿದೆ. ಬಣ್ಣದ ಡಬ್ಬಿಯ ಮಣ್ಣಲ್ಲ. ಊರಿಂದ ಬಂದ ಮೂಲಂಗಿಗೆ ಮೆತ್ತಿದ್ದ ಮಣ್ಣು ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು, ಅಂಟುನೀರಲ್ಲಿ ಕಲಸಿ ಚಕ್ರಕ್ಕೆ, ಚೈನಿಗೆ ಸವರಿದೆ. ಪಂಜಾಬಿನ ಮಣ್ಣಿನ ಬಣ್ಣ ಬೇರೆ ಅಂತ ತಿಳಿದವರು ಹೇಳಬಹುದು. ನೋಡುವವರ ಬೆರಳಿಗೆ ತರಿತರಿ ಸಾಕಿತ್ತು.

ಮುಗಿದ ಟ್ಯಾಂಕನ್ನು ಮಾವ ಮಡಿಲಲ್ಲಿಟ್ಟುಕೊಂಡು ಮುಂದಿನ ಎಡಗಡೆಯ ಮುಚ್ಚಳದ ಮೇಲೆ ಬೆರಳಿಟ್ಟರು. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅದು. ‘ಇಲ್ಲಿ ನಾನು’ ಅಂದರು. 1:35ರಲ್ಲಿ ಅವರ ಎತ್ತರ ನಾಲ್ಕೂಮುಕ್ಕಾಲು ಸೆಂಟಿಮೀಟರೂ ಆಗಲ್ಲ. ಕುಳ್ಳಗಿದ್ದದ್ದಕ್ಕೇ ಟ್ಯಾಂಕಿಗೆ ಹಾಕಿದ್ರು ಅಂತ ಯಾವಾಗಲೂ ಹೇಳ್ತಾರೆ. ಅಲ್ಲಿಂದ ಬೆರಳು ಟರೆಟ್ಟು ಹತ್ತಿ, ಗುರಿಕಾರ ಎಲ್ಲಿ, ಕಮಾಂಡರ್ ಎಲ್ಲಿ, ಬಲಗಡೆ ಗುಂಡು ತುಂಬುವವನು ಎಲ್ಲಿ ಅಂತ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋಯ್ತು. ಮೂವರಲ್ಲಿ ಇಬ್ಬರು ಈಗಿಲ್ಲ. ಒಬ್ಬರು ಹರಿಯಾಣದಲ್ಲಿ, ದೀಪಾವಳಿಗೆ ಫೋನ್ ಮಾಡ್ತಾರೆ. ನಳಿಗೆಯ ಉದ್ದಕ್ಕೂ ಬೆರಳು ಹೋಗಿ ಉಂಗುರದ ತಗಡಿನ ಜೋಡಣೆಯಲ್ಲಿ ನಿಂತಿತು. ಅಲ್ಲೇ ಉಗುರಿನಲ್ಲಿ ಎರಡು ಸಲ ಕೆರೆದು ನೋಡಿದರು. ಏನೂ ಅನ್ನಲಿಲ್ಲ.

ಹಿಂದಕ್ಕೆ ಬಂದು ಇನ್ನೂರು ಲೀಟರಿನ ಡೀಸೆಲ್ ಡ್ರಮ್ಮುಗಳನ್ನು ಮುಟ್ಟಿ, ಮತ್ತೆ ಸುತ್ತಲೂ ತಡಕಿದರು. ‘ಬಕೆಟ್ಟು?’

ಯಾವ ಕಿಟ್ಟಿನಲ್ಲೂ ಬಕೆಟ್ ಇರಲಿಲ್ಲ. ನೀರಿಗೆ, ಬಟ್ಟೆಗೆ, ಒಮ್ಮೊಮ್ಮೆ ಬೇಳೆ ಬೇಯಿಸೋಕೂ ಅದೇ ಬಕೆಟ್ ಅಂತೆ. ಹಿಂದೆ ಬಲಗಡೆ ತೂಗುಹಾಕ್ತಿದ್ದರಂತೆ, ಹೋಗುವಾಗ ದಾರಿಯುದ್ದಕ್ಕೂ ಗಣಗಣ ಸದ್ದು. ಒಂದಡಿ ಎತ್ತರದ ಬಕೆಟ್ ಅಂದರೆ ಒಂಬತ್ತು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಅದೇ ಕ್ಯಾನಿನ ಉಳಿದ ತಗಡಿನಲ್ಲಿ ಸುತ್ತಿ, ಕೆಟ್ಟುಹೋದ ಚಾರ್ಜರಿನ ತಾಮ್ರದ ಎಳೆಯಿಂದ ಹಿಡಿ ಮಾಡಿದೆ. ಅದನ್ನು ಅಂಟಿಸಬೇಡ, ಸುಮ್ಮನೆ ತೂಗುಹಾಕು ಅಂದಿದ್ದಾರೆ ಮಾವ. ಈಗ ಟ್ಯಾಂಕು ಅವರ ಜೊತೆ ಊರಲ್ಲಿದೆ. ರೆಸಿನ್ನಿನ 105 ನಳಿಗೆಯನ್ನೂ ಕೇಳಿ ತಗೊಂಡು ಹೋದರು, ಕನ್ನಡಕದ ಹಳೇ ಡಬ್ಬಿಯಲ್ಲಿ ಇಟ್ಕೊಂಡು.